ಮಟ್ಟುಗುಳ್ಳಕ್ಕೆ ಬಿಟಿ ಜೀನ್ ಬಂದರೆ, ಅದನ್ನು ಗಿಡದೊಳಗೇ ಹಿಡಿದಿಡಲು ಆಗುತ್ತಾ?

ಕಟಪಾಡಿ ಬೈಲು · ಭಾನುವಾರ ರಾತ್ರಿ 9:40

ನಮ್ಮದು ಉಡುಪಿಯ ಮಟ್ಟು ಹತ್ತಿರ ಸ್ವಲ್ಪ ಗದ್ದೆ. ಏಣೆಲು (ಮಳೆಗಾಲದ) ಭತ್ತ ಕೊಯ್ದ ಮೇಲೆ ಗುಳ್ಳ, ಅಂದರೆ ನಮ್ಮ ಊರಿನ ಬದನೆ, ನೆಡುತ್ತೇವೆ. ಈ ವರ್ಷ ಕಾಯಿಕೊರಕ ಹುಳದ ಉಪದ್ರ ವಿಪರೀತ. ಮೊದಲು ಕುಡಿ ಬಾಡುತ್ತದೆ. ಆಮೇಲೆ ಕಾಯಿ. ಹೊರಗಿನಿಂದ ನೋಡಿದರೆ ಚಂದ, ಕೊಯ್ದರೆ ಒಳಗೆಲ್ಲ ಹಿಕ್ಕೆ. ಮದ್ದು ಹೊಡೆದು ಹೊಡೆದು ಸಾಕಾಗಿದೆ.

ಮೊನ್ನೆ ಒಂದು ಮದುವೆ ಊಟದಲ್ಲಿ ಇದೇ ಮಾತು ಬಂತು. ನೆಂಟರೊಬ್ಬರು "ಬಿಟಿ ಗುಳ್ಳ ಬಂದಿದ್ದರೆ ಈ ರಗಳೆ ಇರುತ್ತಿರಲಿಲ್ಲ" ಎಂದರು. ಬಿಟಿ ಅಂದರೆ ಹುಳ ಕೊಲ್ಲುವ ಬ್ಯಾಕ್ಟೀರಿಯಾ ಜೀನ್ ಸೇರಿಸಿದ್ದು. ಇನ್ನೊಬ್ಬರು "ಬಂದರೆ ಊರಿನ ಬೀಜ ಎಲ್ಲ ಕೆಡುತ್ತದೆ" ಎಂದರು. ಮೊದಲಿನವರು ಬಿಡಲಿಲ್ಲ. "ಈಗ ಕುಲಾಂತರಿ ಗಿಡದೊಳಗೇ ಬೀಗ ಹಾಕುತ್ತಾರೆ, ಜೀನ್ ಹೊರಗೆ ಹೋಗುವ ಪ್ರಶ್ನೆಯೇ ಇಲ್ಲ" ಅಂತ ವಾದ.

ಬಿಟಿ ತಿಂದರೆ ಒಳ್ಳೆಯದೋ ಕೆಟ್ಟದೋ ಅಂತ ನಾನು ಕೇಳುತ್ತಿಲ್ಲ. ಆ ಜಗಳ ಇಲ್ಲಿ ಬೇಕಾದಷ್ಟು ಆಗಿದೆ. ನನ್ನ ಪ್ರಶ್ನೆ ಇಷ್ಟೇ: ಹಾಗೊಂದು ಬೀಗ ನಿಜವಾಗಿ ಉಂಟಾ? ನನ್ನ ಗದ್ದೆಯ ಆಚೆ ಬದುವಿನವರು ಅಂಥ ಗಿಡ ನೆಟ್ಟರೆ ನನ್ನ ಬೀಜ ನನ್ನದಾಗಿಯೇ ಉಳಿಯುತ್ತಾ?

ಮಂಗಳೂರು ಪೇಟೆ · ಭಾನುವಾರ ರಾತ್ರಿ 10:05

ಉಂಟು. ಟರ್ಮಿನೇಟರ್ ಅಂತ ಹೆಸರು ಕೇಳಿರಬಹುದು. ಬೆಳೆ ಬರುತ್ತದೆ, ಆದರೆ ಅದರ ಬೀಜ ಮೊಳೆಯುವುದಿಲ್ಲ. ಮೊಳೆಯದ ಮೇಲೆ ಹರಡುವುದು ಎಲ್ಲಿಂದ? ಇಷ್ಟು ಸುಲಭದ ಉಪಾಯವನ್ನು ಹೋರಾಟಗಾರರೇ ಗದ್ದಲ ಮಾಡಿ ನಿಲ್ಲಿಸಿದರು. ಈಗ ಅವರೇ ಜೀನ್ ಹರಡುತ್ತದೆ ಎಂದು ಬೊಬ್ಬೆ ಹೊಡೆಯುತ್ತಾರೆ. ಸುಮ್ನೆ ಹೆದರಬೇಡಿ.

ಬಂಟ್ವಾಳದ ಜೇನು · ಭಾನುವಾರ ರಾತ್ರಿ 10:20

ಮಾರಾಯ್ರೆ, ಗುಳ್ಳದವರು ಬೀಜ ಎಲ್ಲಿಂದ ತರುತ್ತಾರೆ ಅಂತ ಗೊತ್ತುಂಟಾ ನಿಮಗೆ? ಅಂಗಡಿಯಿಂದ ಅಲ್ಲ. ಒಳ್ಳೆಯ ಗಿಡ ನೋಡಿ, ಒಳ್ಳೆಯ ಕಾಯಿ ನೋಡಿ, ಅದನ್ನು ಕೊಯ್ಯದೆ ಹಣ್ಣಾಗಲು ಬಿಡುತ್ತಾರೆ. ವಾದಿರಾಜರು ಕೊಟ್ಟ ಬೀಜ ಅಂತ ನಂಬಿಕೆ, ಅಲ್ಲಿಂದ ಇಲ್ಲಿವರೆಗೆ ಕೈಯಿಂದ ಕೈಗೆ ಬಂದದ್ದು. ಮೊಳೆಯದ ಬೀಜ ಇಟ್ಟುಕೊಂಡು ಏನು ಮಾಡುವುದು?

ಕೊಣಾಜೆ ಗುಡ್ಡೆ · ಸೋಮವಾರ ಬೆಳಿಗ್ಗೆ 8:15

ನಾನು ಸಸ್ಯ ಬಯೋಟೆಕ್ ಓದಿದವಳು, ಈಗಲೂ ಅದರಲ್ಲೇ ಕೆಲಸ. ಕಟಪಾಡಿಯವರ ಪ್ರಶ್ನೆ ತುಂಬಾ ಸರಿಯಾದದ್ದು. ಆದರೆ "ಬೀಗ" ಒಂದೇ ಅಲ್ಲ, ನಾಲ್ಕಾರು ಬಗೆ ಉಂಟು, ಒಂದೊಂದು ಒಂದೊಂದು ಬಾಗಿಲಿಗೆ. ಹಾಗಾಗಿ ಮೊದಲು ಬಾಗಿಲುಗಳನ್ನು ನೋಡಿ. ಗಿಡದಿಂದ ಜೀನ್ ಹೊರಗೆ ಹೋಗುವುದು ಮುಖ್ಯವಾಗಿ ಎರಡು ದಾರಿಯಲ್ಲಿ. ಒಂದು ಪರಾಗ. ಇನ್ನೊಂದು ಬೀಜ. ಬಾಳೆ, ಕಬ್ಬಿನಂಥ ಬೆಳೆಯಲ್ಲಾದರೆ ಕಂದು, ತುಂಡುಗಳೂ ಸೇರುತ್ತವೆ.

ಪರಾಗಕ್ಕೆ ಹಾಕುವ ಬೀಗಗಳಲ್ಲಿ ನನಗೆ ಅತ್ಯಂತ ಚೆಂದ ಕಾಣುವುದು ಕ್ಲೋರೋಪ್ಲಾಸ್ಟ್ ವಿಧಾನ. ಸಾಮಾನ್ಯ ಬಿಟಿ ಗಿಡದಲ್ಲಿ ಹೊಸ ಜೀನ್ ಜೀವಕೋಶದ ನ್ಯೂಕ್ಲಿಯಸ್‌ನಲ್ಲಿ ಇರುತ್ತದೆ. ನ್ಯೂಕ್ಲಿಯಸ್ ಪರಾಗದಲ್ಲೂ ಹೋಗುತ್ತದೆ. ಆದರೆ ಎಲೆಗೆ ಹಸಿರು ಬಣ್ಣ ಕೊಡುವ ಕ್ಲೋರೋಪ್ಲಾಸ್ಟ್‌ಗೆ ತನ್ನದೇ ಪುಟ್ಟ ಡಿಎನ್‌ಎ ಇದೆ. ಹೆಚ್ಚಿನ ಹೂಬಿಡುವ ಗಿಡಗಳಲ್ಲಿ ಅದು ತಾಯಿಯ ಕಡೆಯಿಂದ ಮಾತ್ರ ಮರಿಗಿಡಕ್ಕೆ ಬರುತ್ತದೆ. ಹೊಸ ಜೀನನ್ನು ಅಲ್ಲಿ ಕೂರಿಸಿದರೆ, ಪರಾಗ ಎಷ್ಟು ದೂರ ಹಾರಿದರೂ ಆ ಜೀನ್ ಅದರ ಜೊತೆ ಹೋಗುವುದಿಲ್ಲ. ಬದನೆಯಲ್ಲಿ ಕ್ಲೋರೋಪ್ಲಾಸ್ಟ್‌ಗೆ ಜೀನ್ ಸೇರಿಸುವುದು ಸಾಧ್ಯ ಅಂತ 2010ರಲ್ಲೇ ದೆಹಲಿಯ ವಿಜ್ಞಾನಿಗಳು ತೋರಿಸಿದ್ದಾರೆ. ಅದು ಜೀನ್ ಸೇರಿತೋ ಇಲ್ಲವೋ ನೋಡಲು ಹಾಕುವ ಗುರುತಿನ ಜೀನ್ ಮಾತ್ರ, ಬಿಟಿ ಅಲ್ಲ.

ಈಗ ತೊಂದರೆಗಳು. "ತಾಯಿಯಿಂದ ಮಾತ್ರ" ಅನ್ನುವುದು ನೂರಕ್ಕೆ ನೂರು ನಿಜವಲ್ಲ. 2007ರಲ್ಲಿ ಎರಡು ಗುಂಪುಗಳು ಹೊಗೆಸೊಪ್ಪಿನ ಗಿಡದಲ್ಲಿ ಲೆಕ್ಕ ಹಾಕಿದವು. ಪರಾಗದ ಮೂಲಕವೂ ಅಪರೂಪಕ್ಕೆ, ಲಕ್ಷಕ್ಕೆ ಒಂದರಿಂದ ಹತ್ತರ ಆಸುಪಾಸು, ಕ್ಲೋರೋಪ್ಲಾಸ್ಟ್ ಜೀನ್ ದಾಟಿತ್ತು. ಎರಡನೆಯದು, ನಿಮ್ಮ ಹುಳ ಇರುವುದು ಕಾಯಿಯೊಳಗೆ. ಅಲ್ಲಿನ ಬಿಳಿ ತಿರುಳಿನಲ್ಲಿ ಈ ಜೀನ್‌ಗಳು ಎಲೆಯಲ್ಲಿ ಮಾಡುವಷ್ಟು ಕೆಲಸ ಮಾಡುವುದಿಲ್ಲ.

ಮೂರನೆಯದನ್ನು ಜಾಸ್ತಿ ಜನ ಮರೆಯುತ್ತಾರೆ. ಈ ಬೀಗ ಹೊರಗೆ ಹೋಗುವ ಪರಾಗಕ್ಕೆ ಮಾತ್ರ. ಒಳಗೆ ಬರುವ ಪರಾಗಕ್ಕೆ ಬೀಗವೇ ಇಲ್ಲ. ಬದುವಿನಲ್ಲಿ ಬಿದ್ದ ಬಿಟಿ ಬದನೆಯ ಬೀಜ ಮೊಳೆತು ಗಿಡವಾಯಿತು ಅಂತಿಟ್ಟುಕೊಳ್ಳಿ. ಪಕ್ಕದ ಕಾಡುಬದನೆಯ ಪರಾಗ ಅದರ ಹೂವಿಗೆ ಬಿದ್ದರೆ, ಆ ಕಾಯಿಯ ಎಲ್ಲ ಬೀಜದಲ್ಲೂ ಬಿಟಿ ಜೀನ್ ಇರುತ್ತದೆ. ಯಾಕೆಂದರೆ ಈಗ ತಾಯಿ ಅದೇ. ಹೀಗೆ ನಾಲ್ಕು ತಲೆಮಾರು ಕಳೆದರೆ ನೋಡಲು ಪೂರ್ತಿ ಕಾಡುಬದನೆ, ಒಳಗೆ ಬಿಟಿ.

ಬೈಂದೂರು ಟೀಚರ್ · ಸೋಮವಾರ ಬೆಳಿಗ್ಗೆ 8:50

ಕಾಡುಬದನೆ ಅಂದರೆ ನಾವು ಸಾರಿಗೆ ಹಾಕುವ ಸುಂಡೆಕಾಯಿಯಾ?

ಕೊಣಾಜೆ ಗುಡ್ಡೆ · ಸೋಮವಾರ ಬೆಳಿಗ್ಗೆ 9:05

ಅಲ್ಲ ಟೀಚರೇ. ಸುಂಡೆ ಬದನೆಯ ಜೊತೆ ಸುಲಭವಾಗಿ ಬೆರೆಯುವುದಿಲ್ಲ. ನಾನು ಹೇಳಿದ್ದು ಸೊಲಾನಮ್ ಇನ್ಸಾನಮ್. ರಸ್ತೆ ಬದಿ, ಪಾಳು ಜಾಗದಲ್ಲಿ ಬೆಳೆಯುವ ಮುಳ್ಳುಮುಳ್ಳಿನ ಗಿಡ, ಹಸಿರು ಗೀರಿನ ಸಣ್ಣ ಉರುಟು ಕಾಯಿ, ಹಣ್ಣಾದರೆ ಹಳದಿ. ಬದನೆ ಹುಟ್ಟಿದ್ದೇ ಅದರಿಂದ. ಎರಡೂ ಬೆರೆತರೆ ಹುಟ್ಟುವ ಗಿಡವೂ ಚೆನ್ನಾಗಿ ಕಾಯಿ ಕಟ್ಟುತ್ತದೆ. ಅಮೆರಿಕದಲ್ಲಿ ಬದನೆಗೆ ಇಂಥ ಹತ್ತಿರದ ನೆಂಟರು ಇಲ್ಲ. ನಮ್ಮಲ್ಲಿ ಉಂಟು. ಅಲ್ಲಿನ ಲೆಕ್ಕ ಇಲ್ಲಿಗೆ ಹೊಂದದಿರಲು ಇದೂ ಒಂದು ಕಾರಣ.

ಬಂಟ್ವಾಳದ ಜೇನು · ಸೋಮವಾರ ಮಧ್ಯಾಹ್ನ 1:30

ಬದನೆ ಸ್ವಂತ ಪರಾಗದಲ್ಲೇ ಕಾಯಿ ಕಟ್ಟುವ ಗಿಡ, ಪಕ್ಕದ ಗದ್ದೆಯ ಚಿಂತೆ ಬೇಡ ಅಂತ ಹೇಳುವವರು ಒಮ್ಮೆ ಬೆಳಿಗ್ಗೆ ಹೂವಿನ ಎದುರು ಕೂತು ನೋಡಬೇಕು.

ಬದನೆ ಹೂವಿನ ನಡುವೆ ಹಳದಿ ಕೇಸರಗಳು ಒಟ್ಟಿಗೆ ನಿಂತಿರುತ್ತವೆ. ಬೇರೆ ಹೂವುಗಳ ಹಾಗೆ ಅವು ಉದ್ದಕ್ಕೆ ಬಿರಿಯುವುದಿಲ್ಲ. ತುದಿಯಲ್ಲಿ ಎರಡು ಸಣ್ಣ ತೂತು ಮಾತ್ರ. ಪರಾಗ ಒಳಗೆ ಸಿಕ್ಕಿಕೊಂಡಿರುತ್ತದೆ. ನಾನು ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಅದನ್ನು ಉದುರಿಸುವ ವಿದ್ಯೆ ಗೊತ್ತಿಲ್ಲ. ಬಂದರೂ ಬಿದ್ದದ್ದನ್ನು ಹೆಕ್ಕಿಕೊಂಡು ಹೋಗುತ್ತದೆ. ಅದನ್ನು ಮಾಡುವುದು ಮರ ಕೊರೆಯುವ ದೊಡ್ಡ ಕಪ್ಪು ದುಂಬಿ, ಮತ್ತೆ ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ ಒಂದು ಸಣ್ಣ ಜಾತಿ. ಅವು ಕೇಸರವನ್ನು ಅಪ್ಪಿ ಹಿಡಿದು ರೆಕ್ಕೆಯ ಸ್ನಾಯು ಅದುರಿಸುತ್ತವೆ. ಝೂಂ ಅಂತ ಶಬ್ದ ಸ್ಪಷ್ಟ ಕೇಳುತ್ತದೆ, ಹಾರುವ ಶಬ್ದಕ್ಕಿಂತ ಸಪೂರ. ತೂತಿನಿಂದ ಪರಾಗ ಹೊಟ್ಟೆಯ ಮೇಲೆ ಚಿಮ್ಮುತ್ತದೆ. ಮುಂದಿನ ಹೂವು ಅದೇ ಗಿಡದ್ದೋ, ಬದುವಿನ ಆಚೆಯದ್ದೋ, ದುಂಬಿಗೆ ಪಹಣಿ ಪತ್ರ ಇಲ್ಲ.

ಬ್ರಹ್ಮಾವರ ಬೀಜ · ಸೋಮವಾರ ಸಂಜೆ 6:45

ಬೀಜ ಪ್ರಮಾಣೀಕರಣದ ಕೆಲಸದಲ್ಲಿ ಇದ್ದವನು, ಈಗ ನಿವೃತ್ತ. ದೂರದ ಲೆಕ್ಕ ನಾನು ಹೇಳುತ್ತೇನೆ. ಭತ್ತದ ಬೀಜ ಬೆಳೆಯುವಾಗ ಇನ್ನೊಂದು ತಳಿಯಿಂದ 3 ಮೀಟರ್ ದೂರ ಇದ್ದರೆ ಸಾಕು. ಭತ್ತದ ಪರಾಗ ಕೆಲವೇ ನಿಮಿಷ ಬದುಕುತ್ತದೆ, ಹೂವೂ ಸ್ವಲ್ಪ ಹೊತ್ತು ಮಾತ್ರ ಬಾಯಿ ತೆರೆಯುತ್ತದೆ. ಬದನೆಯ ಮೂಲ ಬೀಜಕ್ಕೆ 200 ಮೀಟರ್, ಪ್ರಮಾಣಿತ ಬೀಜಕ್ಕೆ 100 ಮೀಟರ್ ಬೇಕು. ನಿಯಮ ಮಾಡಿದವರು ಸುಮ್ನೆ ಮಾಡಿದ್ದಲ್ಲ. ಬದನೆಯಲ್ಲಿ ಪರಕೀಯ ಪರಾಗ ಸೇರುವ ಪ್ರಮಾಣ ಜಾಗ, ಕಾಲ, ದುಂಬಿ ನೋಡಿಕೊಂಡು ತುಂಬಾ ಏರುಪೇರಾಗುತ್ತದೆ.

ಮಟ್ಟುವಿನಲ್ಲಿ ಒಬ್ಬೊಬ್ಬರ ಗದ್ದೆ ಎಷ್ಟಗಲ? 200 ಮೀಟರ್ ಅಂದರೆ ಆಚೆಗೆ ಹಲವು ಮನೆಯವರ ಗದ್ದೆ ದಾಟಿ ಹೋಗುತ್ತದೆ. ನೂರಾರು ಎಕರೆ ಒಬ್ಬನೇ ಬೆಳೆಯುವ ದೇಶದಲ್ಲಿ ದೂರ ಒಂದು ಉಪಾಯ. ನಮ್ಮ ಕರಾವಳಿಯಲ್ಲಿ ಅದು ಕಾಗದದ ಮೇಲಿನ ಉಪಾಯ.

ಇನ್ನೊಂದು ವಿಷಯ. "ಬಿಟಿ ಗುಳ್ಳ ಬಂದರೆ" ಅಂತ ಎಲ್ಲರೂ ಊಹೆಯ ಮಾತಾಗಿ ಆಡುತ್ತಿದ್ದೀರಿ. ಅದು ಊಹೆ ಅಲ್ಲ. ಮಹಿಕೋ ಬೀಜ ಕಂಪನಿಯ ಇಇ-1 ಅನ್ನುವ ಬಿಟಿ ಜೀನನ್ನು ಧಾರವಾಡ ಕೃಷಿ ವಿಶ್ವವಿದ್ಯಾಲಯ ಕರ್ನಾಟಕದ ಸ್ಥಳೀಯ ಬದನೆಗಳಿಗೆ ಸೇರಿಸಿತ್ತು. ಆ ಪಟ್ಟಿಯಲ್ಲಿ ಮಾಳಾಪುರ ಲೋಕಲ್, ಮಂಜರಿ ಗೋಟ, ಕುಡಚಿ ಲೋಕಲ್ ಜೊತೆ "ಉಡುಪಿ ಗುಳ್ಳ"ವೂ ಇತ್ತು. 2009ರ ಅಕ್ಟೋಬರ್‌ನಲ್ಲಿ ಕುಲಾಂತರಿಗಳನ್ನು ಪರಿಶೀಲಿಸುವ ಕೇಂದ್ರ ಸರ್ಕಾರದ ಸಮಿತಿ ಜಿಇಎಸಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತು. ಆಗಿನ ಪರಿಸರ ಸಚಿವ ಜೈರಾಂ ರಮೇಶ್ ಏಳು ನಗರಗಳಲ್ಲಿ ಸಾರ್ವಜನಿಕ ಸಭೆ ಮಾಡಿ, 2010ರ ಫೆಬ್ರವರಿ 9ರಂದು ತಡೆ ಹಾಕಿದರು. ಆ ತಡೆ ಬರದಿದ್ದರೆ ಈ ಥ್ರೆಡ್ ಬೇರೆ ತರಹ ಇರುತ್ತಿತ್ತು.

ಕಟಪಾಡಿ ಬೈಲು · ಸೋಮವಾರ ರಾತ್ರಿ 8:10

ಸರ್, ಗುಳ್ಳದ ಹೆಸರೇ ಇತ್ತಾ ಆ ಪಟ್ಟಿಯಲ್ಲಿ? ನಮ್ಮ ಊರಿನಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ಬ್ರಹ್ಮಾವರ ಬೀಜ · ಸೋಮವಾರ ರಾತ್ರಿ 8:30

ಇತ್ತು. ಸ್ಥಳೀಯ ತಳಿ ಬಳಸುವ ಮೊದಲು ಜೀವವೈವಿಧ್ಯ ಕಾಯ್ದೆಯಂತೆ ಒಪ್ಪಿಗೆ ಪಡೆದಿಲ್ಲ ಅಂತ 2010ರಲ್ಲಿ ಬೆಂಗಳೂರಿನ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ ದೂರು ಕೊಟ್ಟಿತ್ತು. ಅದು ಕೋರ್ಟಿನವರೆಗೂ ಹೋಯಿತು. ಮಟ್ಟುಗುಳ್ಳಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬಂದದ್ದು ಆಮೇಲೆ, 2011ರಲ್ಲಿ.

ಮಂಗಳೂರು ಪೇಟೆ · ಸೋಮವಾರ ರಾತ್ರಿ 9:15

ಪೂರ್ತಿ ಕಥೆ ಹೇಳಿ ಸರ್. ಧಾರವಾಡದ್ದು ಹೈಬ್ರಿಡ್ ಅಲ್ಲ. ರೈತರು ಬೀಜ ಇಟ್ಟುಕೊಂಡು ಮತ್ತೆ ಬಿತ್ತಬಹುದಾದ ತಳಿ. ಬಾಂಗ್ಲಾದೇಶ 2013ರಲ್ಲಿ ಒಪ್ಪಿಗೆ ಕೊಟ್ಟು, 2014ರಲ್ಲಿ ಮೊದಲು 20 ರೈತರಿಗೆ ಸಸಿ ಕೊಟ್ಟದ್ದೂ ಅಂಥದ್ದೇ. ಅಲ್ಲಿ ಕಾಯಿಕೊರಕಕ್ಕೆ ಹೊಡೆಯುವ ಮದ್ದು ಕಡಿಮೆಯಾಗಿದೆ. ಕಟಪಾಡಿಯವರ ಕೈ ಸೋತದ್ದಕ್ಕೆ ಇಲ್ಲಿ ಯಾರಿಗಾದರೂ ಚಿಂತೆ ಉಂಟಾ? ಮದ್ದು ಹೊಡೆಯುವುದು ಅವರು. ಅದರ ವಾಸನೆ ಕುಡಿಯುವುದೂ ಅವರೇ.

ಬಂಟ್ವಾಳದ ಜೇನು · ಸೋಮವಾರ ರಾತ್ರಿ 9:25

ಈ ಮಾತು ಮಾತ್ರ ಒಪ್ಪಿದೆ. ಆ ಮದ್ದಿಗೆ ಮೊದಲು ಸಾಯುವುದು ನನ್ನ ಹುಳಗಳೇ.

ಕೊಣಾಜೆ ಗುಡ್ಡೆ · ಸೋಮವಾರ ರಾತ್ರಿ 10:40

ಪೇಟೆಯವರೇ, ನಿಮ್ಮ ಎರಡು ಮಾತು ಒಂದಕ್ಕೊಂದು ಕೂಡುವುದಿಲ್ಲ. ಬೀಜ ಇಟ್ಟುಕೊಳ್ಳಬಹುದಾದ ಬಿಟಿ ಅಂದರೆ ಅದಕ್ಕೆ ನೀವು ಹೇಳಿದ ಟರ್ಮಿನೇಟರ್ ಬೀಗ ಇಲ್ಲ ಅಂತ ಅರ್ಥ. ಆ ಬೀಗ ಇರುವ ಬಿಟಿ ಅಂದರೆ ಬೀಜ ಇಟ್ಟುಕೊಳ್ಳಲು ಆಗದ್ದು. ಗುಳ್ಳದ ಮಟ್ಟಿಗೆ ನಿಜವಾದ ಸಂಕಟ ಇದೇ.

ನೀವು ಟರ್ಮಿನೇಟರ್ ತುಂಬಾ ಸುಲಭ ಅಂದಿರಿ. ಅದು ಹೇಗೆ ಕೆಲಸ ಮಾಡಬೇಕಿತ್ತು ಅಂತ ಹೇಳುತ್ತೇನೆ. 1998ರ ಮಾರ್ಚ್‌ನಲ್ಲಿ ಅಮೆರಿಕದ ಡೆಲ್ಟಾ ಆ್ಯಂಡ್ ಪೈನ್ ಲ್ಯಾಂಡ್ ಕಂಪನಿ ಮತ್ತು ಅಲ್ಲಿನ ಕೃಷಿ ಇಲಾಖೆಗೆ ಒಟ್ಟಿಗೆ ಪೇಟೆಂಟ್ ಸಿಕ್ಕಿತು. ಗಿಡದಲ್ಲಿ ಒಂದು ವಿಷದ ಜೀನ್. ಬೀಜ ಬಲಿಯುವ ಕೊನೆಯ ಹಂತದಲ್ಲಿ ಮಾತ್ರ ಅದು ಎದ್ದು ಭ್ರೂಣವನ್ನು ಕೊಲ್ಲಬೇಕು. ಆದರೆ ಕಂಪನಿಗೇ ಬಿತ್ತನೆ ಬೀಜ ಬೇಕಲ್ಲ? ಹಾಗಾಗಿ ಆ ಜೀನಿನ ಮಧ್ಯೆ ಒಂದು ಅಡ್ಡ ತುಂಡು ಇಡುತ್ತಾರೆ. ಮಾರುವ ಮೊದಲು ಬೀಜವನ್ನು ಟೆಟ್ರಾಸೈಕ್ಲಿನ್ ಅನ್ನುವ ಮದ್ದಿನಲ್ಲಿ ನೆನೆಸುತ್ತಾರೆ. ಆಗ ಇನ್ನೊಂದು ಜೀನ್ ಎಚ್ಚರಾಗಿ ಅಡ್ಡ ತುಂಡನ್ನು ಕತ್ತರಿಸಿ ತೆಗೆಯುತ್ತದೆ. ರೈತ ಬಿತ್ತುತ್ತಾನೆ, ಬೆಳೆ ಬರುತ್ತದೆ, ಮುಂದಿನ ಬೀಜ ಸಾಯುತ್ತದೆ.

ಎಷ್ಟು ಕಡೆ ತಪ್ಪಬಹುದು ನೋಡಿ. ಮದ್ದು ಎಲ್ಲ ಬೀಜಕ್ಕೂ ಸಮನಾಗಿ ಇಳಿಯಬೇಕು. ಇಳಿಯದ ಬೀಜದಲ್ಲಿ ಬೀಗ ಬೀಳುವುದೇ ಇಲ್ಲ, ಅದು ಮಾಮೂಲು ಕುಲಾಂತರಿಯಾಗಿ ಹರಡುತ್ತದೆ. ಜೀನ್ ಒಂದು ಕಡೆ ಕೆಟ್ಟರೂ ಅಷ್ಟೇ. ಬೀಗ ಸರಿಯಾಗಿ ಬಿದ್ದರೂ ತೊಂದರೆ ತಪ್ಪಲಿಲ್ಲ. ಆ ಗಿಡದ ಪರಾಗ ಕಟಪಾಡಿಯವರ ಹೂವಿಗೆ ಬಿದ್ದರೆ ಸಾಯುವುದು ಇವರು ಮುಂದಿನ ವರ್ಷಕ್ಕೆ ಇಟ್ಟ ಬೀಜ. ಮೊಳೆಯದೆ ಖಾಲಿ ಉಳಿಯುವುದು ಇವರ ಸಸಿಮಡಿ. ಜೀನ್ ಹರಡಲಿಲ್ಲ ನಿಜ, ನಷ್ಟ ಹರಡಿತು.

ಆ ತಂತ್ರ ಯಾವತ್ತೂ ಮಾರುಕಟ್ಟೆಗೆ ಬರಲಿಲ್ಲ. 1999ರ ಅಕ್ಟೋಬರ್‌ನಲ್ಲಿ ದೊಡ್ಡ ಬೀಜ ಕಂಪನಿ ಮೊನ್ಸಾಂಟೊ ಅದನ್ನು ವ್ಯಾಪಾರಕ್ಕೆ ತರುವುದಿಲ್ಲ ಅಂದಿತು. 2000ದಲ್ಲಿ ನೈರೋಬಿಯಲ್ಲಿ ಜೀವವೈವಿಧ್ಯ ಒಪ್ಪಂದದ ದೇಶಗಳು ತಡೆ ಹಾಕಿದವು, 2006ರಲ್ಲಿ ಬ್ರೆಜಿಲ್‌ನ ಕುರಿಟಿಬಾದಲ್ಲಿ ಅದನ್ನೇ ಮತ್ತೆ ಗಟ್ಟಿ ಮಾಡಿದವು.

ಬ್ರಹ್ಮಾವರ ಬೀಜ · ಮಂಗಳವಾರ ಬೆಳಿಗ್ಗೆ 6:20

ನಮ್ಮ ದೇಶದಲ್ಲಿ ಕಾನೂನೇ ಬಿಡುವುದಿಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆಯ 29ನೇ ಕಲಂ ಪ್ರಕಾರ ಟರ್ಮಿನೇಟರ್ ಇರುವ ತಳಿಯನ್ನು ನೋಂದಾಯಿಸುವಂತಿಲ್ಲ. 39ನೇ ಕಲಂ ರೈತ ಬೀಜ ಇಟ್ಟುಕೊಳ್ಳಬಹುದು, ಬಿತ್ತಬಹುದು, ಹಂಚಬಹುದು, ಮಾರಬಹುದು ಅನ್ನುತ್ತದೆ. ಬ್ರಾಂಡ್ ಹಾಕಿ ಮಾರಬಾರದು ಅಷ್ಟೇ.

ಬೈಂದೂರು ಟೀಚರ್ · ಮಂಗಳವಾರ ಬೆಳಿಗ್ಗೆ 7:45

ಎರಡು ಪ್ರಶ್ನೆ. ಗಂಡು ಬಂಜೆತನ ಅಂತ ಒಂದು ಉಂಟಲ್ಲ, ಪರಾಗವೇ ಆಗದ ಗಿಡ? ಕುಲಾಂತರಿ ಸಾಸಿವೆಯಲ್ಲಿ ಅದನ್ನೇ ಮಾಡಿದ್ದಾರೆ ಅಂತ ಓದಿದ್ದೆ. ಇನ್ನೊಂದು, ಬಾಳೆಗೆ ಬೀಜವೇ ಇಲ್ಲ. ಅಲ್ಲಿ ಈ ರಗಳೆ ಏನೂ ಇಲ್ಲ ಅಲ್ವಾ?

ಕೊಣಾಜೆ ಗುಡ್ಡೆ · ಮಂಗಳವಾರ ಮಧ್ಯಾಹ್ನ 2:00

ಬಾಳೆಯದ್ದು ಸುಲಭ. ಕ್ಯಾವೆಂಡಿಷ್ ಬಾಳೆಗೆ ಬೀಜವೂ ಇಲ್ಲ, ಕೆಲಸಕ್ಕೆ ಬರುವ ಪರಾಗವೂ ಇಲ್ಲದ ಹಾಗೆ. ಹುಟ್ಟಿನಿಂದಲೇ ಬೀಗ ಹಾಕಿಕೊಂಡ ಗಿಡ. ಆಸ್ಟ್ರೇಲಿಯಾದಲ್ಲಿ ಪನಾಮಾ ಸೊರಗು ರೋಗ ತಡೆಯುವ ಕುಲಾಂತರಿ ಬಾಳೆಗೆ 2024ರಲ್ಲಿ ಒಪ್ಪಿಗೆ ಸಿಕ್ಕಿತು. ಪರಾಗದ ಚಿಂತೆ ಅಲ್ಲಿ ದೊಡ್ಡ ವಿಷಯ ಆಗಲೇ ಇಲ್ಲ. ಆದರೆ ನಮ್ಮ ಊರಿನಲ್ಲಿ ಬಾಳೆಕಂದು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವುದನ್ನು ಯಾವ ಜೀನ್ ತಡೆಯುತ್ತದೆ ಹೇಳಿ?

ಸಾಸಿವೆಯ ವಿಷಯದಲ್ಲಿ ಜಾಸ್ತಿ ಜನಕ್ಕೆ ಗೊಂದಲ ಇದೆ. ಡಿಎಂಎಚ್-11 ಅನ್ನುವ ಆ ಸಾಸಿವೆಯಲ್ಲಿ ಬಾರ್ನೇಸ್ ಅನ್ನುವ, ಬ್ಯಾಕ್ಟೀರಿಯಾದಿಂದ ತಂದ ಜೀನ್ ಇದೆ. ಅದು ಪರಾಗಕೋಶಕ್ಕೆ ಊಟ ಕೊಡುವ ಪದರವನ್ನು ಸಾಯಿಸುತ್ತದೆ, ಪರಾಗ ಆಗುವುದಿಲ್ಲ. ಆದರೆ ಅದು ಹೈಬ್ರಿಡ್ ಮಾಡಲು ತಾಯಿ ಗಿಡದಲ್ಲಿ ಮಾತ್ರ. ರೈತನ ಕೈಗೆ ಬರುವ ಬೀಜದಲ್ಲಿ ಬಾರ್‌ಸ್ಟಾರ್ ಅನ್ನುವ ಇನ್ನೊಂದು ಜೀನ್ ಬಾರ್ನೇಸ್‌ನ ಬಾಯಿ ಮುಚ್ಚಿಸಿರುತ್ತದೆ. ಇಲ್ಲದಿದ್ದರೆ ಸಾಸಿವೆ ಕಾಳೇ ಕಟ್ಟುವುದಿಲ್ಲವಲ್ಲ. ಹೊಲದಲ್ಲಿ ನಿಂತ ಗಿಡ ಧಾರಾಳವಾಗಿ ಪರಾಗ ಬಿಡುತ್ತದೆ. ಅದು ಬೀಗವೇ ಅಲ್ಲ. 2022ರ ಅಕ್ಟೋಬರ್‌ನಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು, 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಬ್ಬೊಬ್ಬರು ಒಂದೊಂದು ತೀರ್ಪು ಕೊಟ್ಟರು.

ಬದನೆಯಲ್ಲಿ ಗಂಡು ಬಂಜೆತನ ಒಂದೇ ತಂದರೆ ಕಾಯಿ ಕಟ್ಟಲು ಪಕ್ಕದವರ ಪರಾಗಕ್ಕೆ ಕಾಯಬೇಕು. ಅದಕ್ಕೂ ದಾರಿ ಇದೆ. 1997ರಲ್ಲಿ ಇಟಲಿಯವರು ಪರಾಗ ಬೀಳದೆಯೇ ಕಾಯಿ ಬಿಡುವ, ಬೀಜವಿಲ್ಲದ ಕುಲಾಂತರಿ ಬದನೆ ಮಾಡಿದ್ದರು. ಎರಡನ್ನೂ ಸೇರಿಸಿದರೆ ಪರಾಗವೂ ಇಲ್ಲ, ಬೀಜವೂ ಇಲ್ಲ. ಕಾಗದದ ಮೇಲೆ ಇದಕ್ಕಿಂತ ಗಟ್ಟಿ ಬೀಗ ಬೇರೆ ಕಾಣುವುದಿಲ್ಲ. ಸಸಿಯನ್ನು ಪ್ರತಿ ವರ್ಷ ಲ್ಯಾಬಿನಿಂದಲೋ ಕಸಿ ಕಟ್ಟಿಯೋ ತರಬೇಕು. ಹಾಗೆ ಬಂದದ್ದನ್ನು ಮಟ್ಟುಗುಳ್ಳ ಅಂತ ಕರೆಯಬೇಕೋ ಬೇಡವೋ, ಅದನ್ನು ಮಟ್ಟುವಿನವರೇ ಹೇಳಬೇಕು.

ಬ್ರಹ್ಮಾವರ ಬೀಜ · ಮಂಗಳವಾರ ಸಂಜೆ 7:10

ಇಲ್ಲಿ ಎಲ್ಲರೂ ಪರಾಗದ ಹಿಂದೆ ಓಡುತ್ತಿದ್ದೀರಿ. ನನ್ನ ಅನುಭವದಲ್ಲಿ ಬೀಜ ಕೆಡುವುದು ಜಾಸ್ತಿ ಗೋಣಿಚೀಲದಲ್ಲಿ, ಕಣದಲ್ಲಿ, ಮಿಲ್ಲಿನಲ್ಲಿ.

ಅಮೆರಿಕದಲ್ಲಿ ಬೇಯರ್ ಕಂಪನಿಯ ಲಿಬರ್ಟಿಲಿಂಕ್ 601 ಅನ್ನುವ ಕುಲಾಂತರಿ ಭತ್ತ ಇತ್ತು. ಅದರ ಪ್ರಯೋಗ 2001ರಲ್ಲೇ ಮುಗಿದಿತ್ತು, ಮಾರಾಟಕ್ಕೆ ಬಂದಿರಲಿಲ್ಲ. 2006ರಲ್ಲಿ ನೋಡಿದರೆ ಅಲ್ಲಿನ ಉದ್ದ ಅಕ್ಕಿಯಲ್ಲಿ ಅದರ ಜೀನ್. ಯುರೋಪ್ ಮತ್ತು ಜಪಾನ್ ಅಮೆರಿಕದ ಅಕ್ಕಿಯನ್ನು ತಡೆದು ಪರೀಕ್ಷಿಸತೊಡಗಿದವು, ರೈತರಿಗೆ ಬೆಲೆ ಬಿತ್ತು. 2011ರಲ್ಲಿ ಕಂಪನಿ 75 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತು. ಅದು ಹೇಗೆ ಸೇರಿತು ಅಂತ ಅಲ್ಲಿನ ಕೃಷಿ ಇಲಾಖೆಗೆ ಕೊನೆಗೂ ಪತ್ತೆ ಹಚ್ಚಲು ಆಗಲಿಲ್ಲ. 3 ಮೀಟರ್ ದೂರ ಸಾಕಾಗುವ ಬೆಳೆಯ ಕಥೆ ಇದು, ನೆನಪಿರಲಿ.

ನಮ್ಮದೇ ದೇಶಕ್ಕೆ ಬನ್ನಿ. 2001ರಲ್ಲಿ ಗುಜರಾತಿನಲ್ಲಿ ನವಭಾರತ್ 151 ಅನ್ನುವ ಹತ್ತಿ ಸಾವಿರಾರು ಎಕರೆಯಲ್ಲಿ ನಿಂತಿತ್ತು. ಪರೀಕ್ಷೆ ಮಾಡಿದರೆ ಬಿಟಿ. ಸರ್ಕಾರ ಬಿಟಿ ಹತ್ತಿಗೆ ಒಪ್ಪಿಗೆ ಕೊಟ್ಟದ್ದು 2002ರಲ್ಲಿ! 2019ರಲ್ಲಿ ಹರಿಯಾಣದ ಫತೇಹಾಬಾದ್‌ನಲ್ಲಿ ಬಿಟಿ ಬದನೆಯೇ ಸಿಕ್ಕಿತು, ಕಿತ್ತು ನಾಶ ಮಾಡಿದರು. ಒಂಬತ್ತು ವರ್ಷದಿಂದ ತಡೆ ಇದ್ದ ಬೆಳೆ ಅದು. ಅಷ್ಟು ದೂರಕ್ಕೆ ಅದನ್ನು ದುಂಬಿ ತಂದು ಹಾಕಲಿಲ್ಲ. ಯಾರದೋ ಕಿಸೆಯಲ್ಲಿ ಬಂತು.

ಬಂಟ್ವಾಳದ ಜೇನು · ಮಂಗಳವಾರ ರಾತ್ರಿ 8:00

ಗಾಳಿಯನ್ನೂ ಬಿಡಬೇಡಿ ಸರ್. ಗಾಲ್ಫ್ ಮೈದಾನದ ಹುಲ್ಲಿನ ಕಥೆ ಹೇಳಿ.

ಕೊಣಾಜೆ ಗುಡ್ಡೆ · ಮಂಗಳವಾರ ರಾತ್ರಿ 8:35

ಬೆಂಟ್‌ಗ್ರಾಸ್. ಕಳೆನಾಶಕ ತಡೆಯುವ ಹುಲ್ಲು, ಅಮೆರಿಕದ ಒರೆಗಾನ್‌ನಲ್ಲಿ ಪ್ರಯೋಗ ಮಾಡಿದ್ದರು. ಪರಾಗ 21 ಕಿಲೋಮೀಟರ್ ದೂರದ ಹುಲ್ಲಿಗೂ ತಲುಪಿತ್ತು ಅಂತ 2004ರಲ್ಲಿ ವರದಿ ಬಂತು. ಕಂಪನಿ ಅದನ್ನು ಮಾರಲೇ ಇಲ್ಲ. ಆದರೂ ಒರೆಗಾನ್, ಐಡಾಹೊ ಗಡಿಯ ನೀರಾವರಿ ಕಾಲುವೆ ಬದಿಗಳಲ್ಲಿ ಅದು ಆಮೇಲೂ ಬೆಳೆಯುತ್ತಲೇ ಇತ್ತು. ಮಾಮೂಲು ಕಳೆನಾಶಕಕ್ಕೆ ಸಾಯುವುದಿಲ್ಲ. ಅದನ್ನು ಹುಟ್ಟಿಸಿದ್ದೇ ಹಾಗೆ.

ಆದರೆ ಹುಲ್ಲಿನ ಲೆಕ್ಕವನ್ನು ಬದನೆಗೆ ತರಬೇಡಿ ಅಣ್ಣ. ಹುಲ್ಲಿನ ಪರಾಗ ಗಾಳಿಯಲ್ಲಿ ಹೋಗುತ್ತದೆ. ಬದನೆಯದ್ದು ಅಂಟು, ದುಂಬಿ ಹೋದಷ್ಟೇ ದೂರ. ಹೆದರಿಸಲು ಎಲ್ಲ ಬೆಳೆಯ ಕಥೆಯನ್ನೂ ಒಂದೇ ಬುಟ್ಟಿಗೆ ಹಾಕುವುದು ಸರಿಯಲ್ಲ.

ಮಂಗಳೂರು ಪೇಟೆ · ಮಂಗಳವಾರ ರಾತ್ರಿ 9:20

ಹಾಗಾದರೆ ಎಲ್ಲ ಸಂಶೋಧನೆ ಬಂದ್ ಮಾಡಿ ಮನೆಗೆ ಹೋಗಬೇಕಾ? ಕುಲಾಂತರಿ ಅಲ್ಲದ ಬೆಳೆಯಿಂದಲೂ ಜೀನ್ ಹರಡುತ್ತದೆ. ಅಮೆರಿಕದಲ್ಲಿ 2002ರಲ್ಲಿ ಬಂದ ಕ್ಲಿಯರ್‌ಫೀಲ್ಡ್ ಭತ್ತ ಕುಲಾಂತರಿ ಅಲ್ಲ. ಆದರೂ ಅದರ ಕಳೆನಾಶಕ ತಡೆಯುವ ಗುಣ ಕೆಲವೇ ವರ್ಷದಲ್ಲಿ ಕಳೆಭತ್ತಕ್ಕೆ ಹೋಯಿತು. ಅದಕ್ಕೆ ಯಾರೂ ಬೀಗ ಕೇಳಲಿಲ್ಲ. ಈಗ 2025ರ ಮೇ ತಿಂಗಳಲ್ಲಿ ಜೀನ್ ತಿದ್ದಿದ ಎರಡು ಭತ್ತದ ತಳಿ ನಮ್ಮಲ್ಲೇ ಘೋಷಣೆ ಆಯಿತು, ಕಮಲಾ ಮತ್ತು ಪೂಸಾ ಡಿಎಸ್‌ಟಿ-1. ಹೊರಗಿನ ಜೀನ್ ಇಲ್ಲ ಅಂತ 2022ರಲ್ಲೇ ಅಂಥವಕ್ಕೆ ಕುಲಾಂತರಿ ನಿಯಮದಿಂದ ವಿನಾಯಿತಿ ಸಿಕ್ಕಿದೆ. ಅದಕ್ಕೂ ಬೀಗ ಬೇಕಾ?

ಕೊಣಾಜೆ ಗುಡ್ಡೆ · ಮಂಗಳವಾರ ರಾತ್ರಿ 10:50

ಒಳ್ಳೆಯ ಪ್ರಶ್ನೆ. ಕ್ಲಿಯರ್‌ಫೀಲ್ಡ್ ಉದಾಹರಣೆ ಪೂರ್ತಿ ಸರಿ. ಜೀನ್ ಲ್ಯಾಬಿನಿಂದ ಬಂತೋ ಪ್ರಕೃತಿಯಿಂದ ಬಂತೋ ಅನ್ನುವುದು ಪರಾಗಕ್ಕೆ ಬೇಕಾಗಿಲ್ಲ. ಆ ಜೀನ್ ಸಿಕ್ಕಿದ ಕಾಡುಗಿಡಕ್ಕೆ ಲಾಭ ಆಗುತ್ತಾ ಅನ್ನುವುದು ಮುಖ್ಯ. ಕಳೆನಾಶಕ ತಡೆಯುವ ಗುಣ, ಹುಳ ತಡೆಯುವ ಗುಣ, ಎರಡೂ ಲಾಭದವು.

ಅದಕ್ಕೇ ಇಸ್ರೇಲಿನ ಜೊನಾಥನ್ ಗ್ರೆಸೆಲ್ ಬೇರೆ ದಾರಿ ಹೇಳಿದರು. ಜೀನನ್ನು ತಡೆಯಬೇಡಿ, ಅದರ ಪಕ್ಕದಲ್ಲೇ ಇನ್ನೊಂದು ಜೀನ್ ಅಂಟಿಸಿ. ಬೆಳೆಗೆ ಅದರಿಂದ ತೊಂದರೆ ಇರಬಾರದು, ಕಳೆಗೆ ಮಾತ್ರ ಹೊಡೆತ ಬೀಳಬೇಕು. ಉದಾಹರಣೆಗೆ ಗಿಡ್ಡವಾಗುವ ಗುಣ. ಗದ್ದೆಯಲ್ಲಿ ಗಿಡ್ಡ ಗಿಡ ಒಳ್ಳೆಯದೇ. ಪೊದೆಯಲ್ಲಿ ಗಿಡ್ಡ ಗಿಡಕ್ಕೆ ಬಿಸಿಲೇ ಸಿಗುವುದಿಲ್ಲ. ನನಗೆ ಇದು ಇಷ್ಟ, ಯಾಕೆಂದರೆ ಬೀಗ ಸೋರುತ್ತದೆ ಅಂತ ಒಪ್ಪಿಕೊಂಡೇ ಶುರುವಾಗುತ್ತದೆ. ಆದರೆ ಇದು ಕಾಡುಗಿಡದ ಸಮಸ್ಯೆಗೆ ಉತ್ತರ. ಪಕ್ಕದ ಗದ್ದೆಯ ಗುಳ್ಳಕ್ಕೆ ಅಲ್ಲ. ಗುಳ್ಳಕ್ಕೆ ನೀರು, ಗೊಬ್ಬರ, ಬಿಸಿಲು ಎಲ್ಲ ಕೊಟ್ಟು ಸಾಕುವುದು ನಾವೇ.

2004ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಇದೇ ವಿಷಯಕ್ಕೆ ಒಂದು ದೊಡ್ಡ ವರದಿ ಬರೆಯಿತು. ಯಾವ ಒಂದು ವಿಧಾನವೂ ಪೂರ್ತಿ ಸಾಲದು, ಎರಡು ಮೂರು ಒಟ್ಟಿಗೆ ಬೇಕು, ಗಿಡ ಮಾಡುವ ಮೊದಲೇ ಇದರ ಬಗ್ಗೆ ಯೋಚಿಸಬೇಕು ಅಂತ ಅದರ ಸಾರ. ಇಇ-1 ಬದನೆಯಲ್ಲಿ ಒಂದೂ ಇರಲಿಲ್ಲ. ಮದುವೆ ಮನೆಯ ನೆಂಟರಿಗೆ ಇದನ್ನು ಹೇಳಿ ಕಟಪಾಡಿಯವರೇ. ಬೀಗಗಳು ಲ್ಯಾಬಿನಲ್ಲಿ, ಪೇಪರಿನಲ್ಲಿ ಉಂಟು. ನಿಮ್ಮ ಊರಿಗೆ ಬರಲು ತಯಾರಾಗಿದ್ದ ಗಿಡದಲ್ಲಿ ಇರಲಿಲ್ಲ.

ಪೇಟೆಯವರೇ, ಸಂಶೋಧನೆ ಬಂದ್ ಮಾಡಿ ಅಂತ ನಾನು ಯಾಕೆ ಹೇಳಲಿ, ನನ್ನ ಅನ್ನವೇ ಅದು. ಆದರೆ ನೆಂಟಗಿಡ ಊರೆಲ್ಲ ಇರುವ ಬೆಳೆಗೆ, ಬೀಜ ಕೈಯಿಂದ ಕೈಗೆ ಹೋಗುವ ಜಾಗಕ್ಕೆ ತರುವಾಗ ಮೊದಲು ಆ ಊರಿನವರನ್ನು ಕೇಳಬೇಕು.

ಕಟಪಾಡಿ ಬೈಲು · ಬುಧವಾರ ಬೆಳಿಗ್ಗೆ 6:50

ಎಲ್ಲರಿಗೂ ಥ್ಯಾಂಕ್ಸ್. ಒಂದು ಕೆಲಸದ ಪ್ರಶ್ನೆ ಉಳಿದಿದೆ. ಬಿಟಿ ಬರಲಿ ಬಿಡಲಿ, ಈಗಲೇ ಪೇಟೆಯಿಂದ ಹೈಬ್ರಿಡ್ ಬದನೆ ತಂದು ನೆಡುವವರು ಸುತ್ತ ಇದ್ದಾರೆ. ನನ್ನ ಬೀಜವನ್ನು ನಾನೇ ಶುದ್ಧವಾಗಿ ಇಟ್ಟುಕೊಳ್ಳಲು ಏನು ಮಾಡಬಹುದು? 200 ಮೀಟರ್ ಅಂತೂ ನನ್ನಿಂದ ಆಗದು.

ಬ್ರಹ್ಮಾವರ ಬೀಜ · ಬುಧವಾರ ಬೆಳಿಗ್ಗೆ 7:30

ಆಗುತ್ತದೆ. ಬೀಜಕ್ಕೆ ಅಂತ ರೋಗ ಇಲ್ಲದ, ಕಾಯಿಯ ಬಣ್ಣ, ಗೀರು, ಆಕಾರ ಎಲ್ಲ ಸರಿ ಇರುವ ಗಿಡಗಳನ್ನು ಮೊದಲೇ ಗುರುತು ಮಾಡಿ. ನಾಳೆ ಅರಳುವ ಮೊಗ್ಗು ನೋಡಿದರೆ ಗೊತ್ತಾಗುತ್ತದೆ, ಉಬ್ಬಿ ನೇರಳೆ ಬಣ್ಣ ಕಾಣುತ್ತದೆ. ಅದಕ್ಕೆ ಸಂಜೆಯೇ ತೆಳು ಬಟ್ಟೆಯ ಸಣ್ಣ ಚೀಲ ಹಾಕಿ, ತೊಟ್ಟಿಗೆ ಸಡಿಲವಾಗಿ ಕಟ್ಟಿ. ಮರುದಿನ, ಅದರ ಮರುದಿನ ಬೆಳಿಗ್ಗೆ ಚೀಲದ ಮೇಲಿಂದಲೇ ಹೂವನ್ನು ಬೆರಳಿನಿಂದ ತಟ್ಟಿ. ದುಂಬಿ ಮಾಡುವ ಕೆಲಸ ನೀವು ಮಾಡಿದ ಹಾಗಾಯಿತು. ಕೇಸರಕ್ಕಿಂತ ಶಲಾಕೆ (ಕೇಸರಗಳ ನಡುವಿನ ಹೆಣ್ಣು ಕಡ್ಡಿ) ಉದ್ದ ಇರುವ ಹೂವನ್ನೇ ಆರಿಸಿ. ಗಿಡ್ಡ ಶಲಾಕೆಯ ಹೂವು ಕಾಯಿ ಕಟ್ಟುವುದು ಕಡಿಮೆ.

ಕಾಯಿ ಕಚ್ಚಿತು ಅಂತ ಕಂಡ ಮೇಲೆ ಚೀಲ ತೆಗೆದು ತೊಟ್ಟಿಗೆ ಬಣ್ಣದ ನೂಲು ಕಟ್ಟಿ. ಇಲ್ಲದಿದ್ದರೆ ಮನೆಯವರೇ ಯಾರಾದರೂ ಕೊಯ್ದು ಹುಳಿ ಮಾಡುತ್ತಾರೆ. ಪೂರ್ತಿ ಹಳದಿಯಾದ ಮೇಲೆ ಕೊಯ್ದು, ತಿರುಳನ್ನು ನೀರಿನಲ್ಲಿ ಹಿಸುಕಿ. ಮುಳುಗಿದ ಬೀಜ ಇಡಿ, ತೇಲಿದ್ದು ಬಿಡಿ. ನೆರಳಿನಲ್ಲಿ ಒಣಗಿಸಿ.

ಒಂದೇ ಚೆಂದದ ಗಿಡದಿಂದ ಎಲ್ಲ ಬೀಜ ತೆಗೆಯಬೇಡಿ. ಹಲವು ಗಿಡದ್ದು ಸೇರಿಸಿ, ಇಲ್ಲದಿದ್ದರೆ ತಳಿ ವರ್ಷದಿಂದ ವರ್ಷಕ್ಕೆ ಬಡವಾಗುತ್ತದೆ. ನಿಮ್ಮ ಬೆಳೆಗಾರರ ಸಂಘದಲ್ಲಿ ನಾಲ್ಕು ಮನೆಯವರು ಸೇರಿ ಹೀಗೆ ಮಾಡಿ, ಅದರಲ್ಲಿ ಒಂದು ಪಾಲನ್ನು ಬೇರೆ ಬೇರೆ ಮನೆಯಲ್ಲಿ ಇಡಿ.

ಬಂಟ್ವಾಳದ ಜೇನು · ಬುಧವಾರ ಬೆಳಿಗ್ಗೆ 7:45

ಚೀಲಕ್ಕೆ ಹಳೆಯ ಸೊಳ್ಳೆ ಪರದೆ ಆಗುತ್ತಾ ಸರ್?

ಬ್ರಹ್ಮಾವರ ಬೀಜ · ಬುಧವಾರ ಬೆಳಿಗ್ಗೆ 7:55

ಕಣ್ಣು ಸಣ್ಣದಿದ್ದರೆ ಆಗುತ್ತದೆ. ಹರಿದದ್ದು ಬೇಡ.